ಗಾಳಿ ನಿಂತ ಮೇಲೆ

ಮನೆಯಿಂದ ಹೊರಬೀಳುವ ಮುಂಚೆ ಹೊಸ್ತಿಲಾಚೆ ನಿಂತು, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಗೆ ಒಡ್ಡುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಸೆರಗು ಯಾವ ಕಡೆ ಹಾರಿತು, ಎಷ್ಟು ಹಾರಿತು ಎಂದು ನೋಡಿಕೊಂಡೇ ಚಪ್ಪಲಿ ಮೆಟ್ಟುತ್ತೇನೆ. ವರ್ಷವಿಡೀ ಈ ಹುಚ್ಚು ಇರುವುದಿಲ್ಲ. ದಸರೆಯ ಆಸುಪಾಸಿನ ಶನಿವಾರ, ಆದಿತವಾರ ಬಂದರೆ ಮಾತ್ರ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಬಾಗೇವಾಡಿಯ ನಮ್ಮ ಓಣಿಯಲ್ಲಿ ಇದನ್ನು ಕಂಡವರು ಮುದುಕಿಗೆ ಏನೋ ಹರಕೆ ಇರಬೇಕೆಂದು ತಿಳಿದಿದ್ದಾರೆ. ಮೊಮ್ಮಗಳು ಫೋನಿನಲ್ಲಿ ಮೋಡದ ಚಿತ್ರ ತೆಗೆದು, ಇವತ್ತು ಮಳೆಯಿಲ್ಲ, ಗಾಳಿ ಇಷ್ಟೇ ಎಂದು ತೋರಿಸುತ್ತಾಳೆ. ನಾನು ಹೌದೆಂದು ತಲೆಯಾಡಿಸಿ ಮತ್ತೆ ಸೆರಗು ಹಿಡಿಯುತ್ತೇನೆ. ನಮ್ಮ ಯಜಮಾನರಂತೂ ಮದುವೆಯಾದಾಗಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದಾರೆ.

"ಬಸ್ ಹತ್ತಾಕೂ ಗಾಳಿ ನೋಡ್ತಿಯಲ್ಲ, ಅದೇನು ಹರಗೋಲ ಏನು?"

ಅವರನ್ನು ಅಂದು ಪ್ರಯೋಜನವಿಲ್ಲ. ಸಿಂದಗಿ ಕಡೆಯ ಒಣ ಊರಿನವರು, ನೀರೆಂದರೆ ಕೊಡದೊಳಗೆ ಇರುವ ಪದಾರ್ಥ ಎಂದು ನಂಬಿ ಬೆಳೆದವರು. ನನ್ನ ತವರು ಹಾಗಲ್ಲ. ಮುದ್ದೇಬಿಹಾಳ ತಾಲೂಕಿನಲ್ಲಿ, ಒಂದು ದೊಡ್ಡ ಕೆರೆಯ ಒಡ್ಡಿನ ಕೆಳಗೆ ಕುಳಿತ ಊರು ಅದು. ಯಾವ ಕಾಲದ ಬಾದಶಹ ಕಟ್ಟಿಸಿದ ಕೆರೆಯೋ, ಹೇಳುವವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಉತ್ತರಿ ಮಳೆ, ಹಸ್ತಿ ಮಳೆ ಚೆನ್ನಾಗಿ ಹೊಯ್ದ ವರ್ಷ ಅದು ಕೋಡಿ ಬಿದ್ದು, ಒಡ್ಡಿನ ಮೇಲೆ ನಿಂತು ನೋಡಿದರೆ ಆಚೆ ದಂಡೆ ಬರೀ ಒಂದು ಹಸಿರು ಗೆರೆಯಾಗುತ್ತಿತ್ತು. ಆ ಗೆರೆಯ ಮೇಲೆ ನನ್ನ ದೊಡ್ಡಪ್ಪನ ಊರು.

ಎಪ್ಪತ್ತರ ದಶಕದ ಮಾತು. ಈಗ ಕಣ್ಣು ಮುಚ್ಚಿದರೆ ಆ ಕೆರೆಯ ಒಡ್ಡು ನನಗೆ ಕಾಣುವುದು ಕೌದಿಗಳ ಜೊತೆಗೆ. ಮಹಾನವಮಿಗೆ ಮುಂಚೆ ಮನೆಮನೆಯ ಹಾಸಿಗೆ ಹೊದಿಕೆಗಳೆಲ್ಲ ಕೆರೆಗೆ ಬರಬೇಕು, ಒಂದು ಚಿಂದಿಯೂ ಒಗೆಯದೆ ಉಳಿಯಬಾರದು. ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಹೆಂಗಸರು ಕಲ್ಲಿಗೆ ಬಡಿದು ಬಡಿದು ಒಗೆದು ಒಡ್ಡಿನುದ್ದಕ್ಕೂ ಹರವುತ್ತಿದ್ದರು. ನಾವು ಹುಡುಗಿಯರು ಅವುಗಳಲ್ಲಿ ನಮ್ಮ ಹಳೆಯ ಪರಕಾರದ ತುಂಡು ಎಲ್ಲಿದೆ, ಅವ್ವನ ಮದುವೆ ಸೀರೆಯ ಅಂಚು ಎಲ್ಲಿದೆ ಎಂದು ಹುಡುಕುತ್ತ ಮಧ್ಯಾಹ್ನ ಕಳೆಯುತ್ತಿದ್ದೆವು. ಅಷ್ಟು ಹೊತ್ತಿಗೆ ಮಳೆಯ ಆರ್ಭಟ ಇಳಿದಿರುತ್ತಿತ್ತು. ಬೆಳಿಗ್ಗೆ ಕೆರೆಯ ಮೇಲೆ ತೆಳ್ಳನೆ ಮಂಜು, ನೀರು ಅಲುಗದೆ ಬಿದ್ದಿರುವುದು. ಹೊತ್ತು ಏರಿದಂತೆ ಮೂಡಲಗಾಳಿ ಮೆಲ್ಲಗೆ ಎದ್ದು ನೀರ ಮೈಯನ್ನು ತರಿತರಿ ಮಾಡುವುದು. ಮೂರುಸಂಜೆಗೆ ಒಮ್ಮೊಮ್ಮೆ ಪಡುವಲಲ್ಲಿ ಕಪ್ಪು ಮೋಡ ಒಟ್ಟಿಕೊಂಡು ಗುಡುಗುವುದು. ದಸರೆಯ ಹೊತ್ತಿನ ಹವೆ ಅಂದರೆ ಇಷ್ಟೇ. ಹತ್ತು ದಿನಕ್ಕೆ ಒಂಬತ್ತು ದಿನ ಹರಗೋಲು ಹೋಗಲು ಏನೂ ಅಡ್ಡಿಯಿರಲಿಲ್ಲ. ಉಳಿದ ಒಂದು ದಿನ ಮಾತ್ರ ಕೆರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಹರಗೋಲು ಲಾಲಸಾಬ ಕಾಕಾನದು. ಬಿದಿರಿನಿಂದ ಹೆಣೆದ ಭಾರೀ ಬುಟ್ಟಿ, ಹೊರಮೈಗೆ ತೊಗಲು, ತೊಗಲಿಗೆ ಡಾಂಬರು. ಒಮ್ಮೆ ಇಂಡಿಯಿಂದ ಬಂದಿದ್ದ ನನ್ನ ಸೋದರಮಾವ ಚಪ್ಪಲಿ ಕೈಯಲ್ಲಿ ಹಿಡಿದು, ಜೀವ ಇನ್ನೊಂದು ಕೈಯಲ್ಲಿ ಹಿಡಿದು ಅದರೊಳಗೆ ಇಳಿದವನು, ಇದರ ಮುಂದು ಯಾವುದು ಹಿಂದು ಯಾವುದು ಎಂದು ಕೇಳಿದ್ದ. ನೀವು ಎತ್ತ ಮಾರಿ ಮಾಡಿ ಕುಂತಿರೋ ಅದ ಮುಂದರಿ ಎಂದು ಲಾಲಸಾಬ ಕಾಕಾ ನಗದೆ ಹೇಳಿದ್ದ. ಉಳಿದ ದಿನಗಳಲ್ಲಿ ಯಾರಾದರೂ ಕರೆದರೆ ಹರಗೋಲು ಬಿಡುತ್ತಿದ್ದ. ಶನಿವಾರ, ಆದಿತವಾರ ಮಾತ್ರ ಕರೆಯದೆಯೇ ನಡೆಸುತ್ತಿದ್ದ. ಆದಿತವಾರ ನಮ್ಮೂರ ಸಂತೆ. ಶನಿವಾರ ಅರ್ಧ ದಿನದ ಸಾಲಿ ಮುಗಿಸಿದ ಮಾಸ್ತರರು, ತವರಿಗೆ ಬರುವ ಹೆಣ್ಣುಮಕ್ಕಳು, ಮರುದಿನದ ಸಂತೆಗೆ ಮೆಣಸಿನಕಾಯಿ ಚೀಲ ತರುವವರು ಎಲ್ಲ ಅದರಲ್ಲೇ ಬರುತ್ತಿದ್ದರು. ಸುತ್ತಿ ಬರುವ ದಾರಿಯೂ ಇತ್ತು. ಆದರೆ ಅದು ಎರೆಭೂಮಿಯ ದಾರಿ, ನಡುವೆ ಕೋಡಿಯ ಹಳ್ಳ. ಮಳೆಗಾಲದಲ್ಲಿ ತಾಳಿಕೋಟೆಯ ಬಸ್ಸೇ ಆ ಹಳ್ಳದ ದಂಡೆಗೆ ಬಂದು ಮೂತಿ ತಿರುಗಿಸಿಕೊಂಡು ಹೋಗುತ್ತಿತ್ತು.

ಇನ್ನು ನನ್ನ ಅಪ್ಪ ಬಸಪ್ಪನ ವಿಷಯ. ಅವನು ಮತ್ತು ದೊಡ್ಡಪ್ಪ ಮಲ್ಲಪ್ಪ, ಇಬ್ಬರೇ ಅಣ್ಣತಮ್ಮಂದಿರು. ಹೊಲ ಎರಡೂ ದಂಡೆಗೆ ಇದ್ದದ್ದರಿಂದ ಪಾಲಾದಾಗ ದೊಡ್ಡಪ್ಪ ಆಚೆ ಹೋಗಿ ಮನೆ ಕಟ್ಟಿದ. ಜಗಳವೇನೂ ಇರಲಿಲ್ಲ. ಎತ್ತು ಹಂಚಿಕೊಳ್ಳುವಾಗ, ನೀ ಒಳ್ಳೇದು ತಗೋ ನೀ ಒಳ್ಳೇದು ತಗೋ ಎಂದು ಇಬ್ಬರೂ ಮೊಂಡು ಹಿಡಿದು ಹಂಚಿಕೆಯೇ ಎರಡು ದಿನ ನಿಂತಿತ್ತಂತೆ. ನಮ್ಮ ಆಯಿ, ಅಂದರೆ ಅವರ ತಾಯಿ, ಆರು ತಿಂಗಳು ಈ ದಂಡೆಗೆ ಆರು ತಿಂಗಳು ಆ ದಂಡೆಗೆ ಇರುತ್ತಿದ್ದಳು. ಅವಳನ್ನು ಹರಗೋಲಿಗೆ ಇಳಿಸುವುದು, ಹತ್ತಿಸುವುದು ಎಂದರೆ ಎರಡೂ ಊರಿಗೆ ಒಂದು ಸಣ್ಣ ಹಬ್ಬ.

ಆಯಿ ಆಚೆ ದಂಡೆಯಲ್ಲಿದ್ದಾಗಲೇ ತೀರಿಕೊಂಡಳು. ಭಾದ್ರಪದದಲ್ಲಿ, ಉತ್ತರಿ ಮಳೆ ಗಾಳಿ ಕಟ್ಟಿಕೊಂಡು ಬಂದ ದಿನ. ಹರಗೋಲು ಅವತ್ತು ಆಚೆ ಇತ್ತು. ಕೋಡಿಯ ಹಳ್ಳವೂ ತುಂಬಿತ್ತು, ಸುದ್ದಿ ತರಲು ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಲಾಲಸಾಬ ಕಾಕಾ ಬಂದು ನಮ್ಮ ಅಂಗಳದಲ್ಲಿ ನಿಂತು, ಆಯಿ ನಿನ್ನೆ ಮುಂಜಾನೆ ಹೋದಳು, ಸಂಜೀಕ ಮಣ್ಣ ಮಾಡಿದ್ರು ಎಂದ. ಅಪ್ಪ ಹೋದಾಗ ಹಸಿ ಮಣ್ಣಿನ ಗುಡ್ಡೆ ಮಾತ್ರ ಕಂಡಿತು. ತಾಯಿಯ ಮುಖ ಸಿಗಲಿಲ್ಲ. ಮಧ್ಯಾಹ್ನಕ್ಕೇ ಗಾಳಿ ನಿಂತಿತ್ತಲ್ಲ ಅಣ್ಣಾ, ಒಂದು ಮಾತು ಕಳಿಸಬೇಕಿತ್ತು ಎಂದನಂತೆ ಅಪ್ಪ. ನಿಂತಿರಲಿಲ್ಲೋ ತಮ್ಮಾ ಎಂದನಂತೆ ದೊಡ್ಡಪ್ಪ. ಅಪ್ಪ ನೀರನ್ನೂ ಮುಟ್ಟದೆ ಅದೇ ಹರಗೋಲಿನಲ್ಲಿ ತಿರುಗಿ ಬಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರು ಒಡ್ಡಿನ ಮರೆಯಲ್ಲಿದೆ. ನಮ್ಮ ಅಂಗಳದ ಬೇವಿನ ಎಲೆ ಅಲುಗದ ಹೊತ್ತಿನಲ್ಲೂ ಒಡ್ಡು ಹತ್ತಿ ನೋಡಿದರೆ ಕೆರೆ ಕುದಿಯುತ್ತಿರುವುದುಂಟು. ಇದು ಅಪ್ಪನಿಗೆ ಗೊತ್ತಿರಲಿಲ್ಲವೆ? ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ತಾಯಿಯ ಮುಖ ನೋಡದವನಿಗೆ ಬೈಯಲು ಯಾರಾದರೂ ಸಿಗಬೇಕಲ್ಲ. ಗಾಳಿಯನ್ನು ಬೈದರೆ ಅದು ತಿರುಗಿ ಮಾತಾಡುವುದಿಲ್ಲ, ಅಣ್ಣನನ್ನು ಬೈದರೆ ಅಣ್ಣನೂ ಮಾತಾಡಲಿಲ್ಲ. ಅಪ್ಪನ ಸಿಟ್ಟು ಹಾಗೇ ಉಳಿಯಿತು.

ಆ ವರ್ಷದ ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವುದು ಹೇಗೆಂದು ನಿಮಗೆ ಗೊತ್ತಿರುತ್ತದೆ. ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು, ಬಂಗಾರದಂಗ ಇರೂಣು ಅನ್ನಬೇಕು. ಹಿರಿಯರು ತಾವಾಗಿ ಬಂದು ಕೈಯೊಡ್ಡುವುದಿಲ್ಲ. ವರ್ಷವೆಲ್ಲ ಮಾತು ಬಿಟ್ಟವರೂ ಆ ಹಸಿರೆಲೆಯ ನೆಪದಲ್ಲಿ ಮಾತಿಗೆ ಬರುತ್ತಾರೆ. ಸೀಗಿ ಹುಣ್ಣಿಮೆಯವರೆಗೂ ಕೊಡಬಹುದು, ಆ ನಡುವೆ ಒಂದು ಶನಿವಾರವೋ ಆದಿತವಾರವೋ ಸಿಕ್ಕೇ ಸಿಗುತ್ತದೆ. ಅಪ್ಪ ಆ ವರ್ಷವೂ ಮುಂದೆ ಪ್ರತಿ ವರ್ಷವೂ ಅಂಥ ದಿನ ಬೆಳಿಗ್ಗೆ ಎದ್ದು ಜಳಕ ಮಾಡಿ, ಬಿಳಿ ಧೋತರ ಉಟ್ಟು, ಪಟಗಾ ಸುತ್ತಿ, ಅಂಗಿಯ ಕಿಸೆಯಲ್ಲಿ ಬನ್ನಿ ಇಟ್ಟುಕೊಂಡು ಆಚೆ ದಂಡೆಗೆ ಹೊರಡುತ್ತಿದ್ದ. ಹಿಂದೆ ಅವ್ವ, ಅವ್ವನ ಹಿಂದೆ ನಾನು.

ಒಡ್ಡಿನ ಮೇಲೆ ಬಂದು ಅವನು ನಿಲ್ಲುತ್ತಿದ್ದ ಗತ್ತು ನೋಡಬೇಕಿತ್ತು. ಹಣೆಗೆ ಕೈಯಡ್ಡ ಹಿಡಿದು ನಾಲ್ಕೂ ದಿಕ್ಕು ನೋಡುವುದು. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೇಲಿಂದ ಬಿಡುವುದು. ಮಣ್ಣು ಅವನ ಹೆಬ್ಬೆರಳ ಮೇಲೇ ನೆಟ್ಟಗೆ ಬೀಳುತ್ತಿತ್ತು. ಅಪ್ಪ ಅದನ್ನೇ ಸ್ವಲ್ಪ ಹೊತ್ತು ನೋಡಿ ಗಂಭೀರವಾಗಿ ಹೇಳುತ್ತಿದ್ದ.

"ಗಾಳಿ ಐತಿ."

ಲಾಲಸಾಬ ಕಾಕಾ ಹುಟ್ಟಿನ ಮೇಲೆ ಗದ್ದ ಊರಿ ಕುಳಿತವನು ಹೌದ್ರಿ ಗೌಡ್ರ, ಗಾಳಿ ಐತ್ರಿ ಅನ್ನುತ್ತಿದ್ದ. ಅವನು ಹಾಗೆ ಅನ್ನುತ್ತಿರುವಾಗಲೇ ಸಂತೆಯ ಮಂದಿ ಹರಗೋಲಿಗೆ ಹತ್ತುತ್ತಿರುತ್ತಿದ್ದರು. ಅವ್ವ ಅಪ್ಪನಿಗೆ ಕಾಣುವಂತೆ ನಿಂತು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚುತ್ತಿದ್ದಳು. ಸೆರಗು ನೆಟ್ಟಗೆ ಇಳಿಬಿದ್ದಿರುತ್ತಿತ್ತು. ಅಪ್ಪ ಮುಖ ತಿರುಗಿಸಿ ಒಡ್ಡು ಇಳಿದು ಮನೆಗೆ ಹೊರಟುಬಿಡುತ್ತಿದ್ದ. ಮೊದಲ ವರ್ಷ ದಾರಿಯಲ್ಲಿ ಅವ್ವ ಏನೋ ಕೇಳಿದ್ದಕ್ಕೆ ಅವನು ಅಂದದ್ದು ನನಗೆ ಇವತ್ತಿಗೂ ಹಾಗೇ ಕೇಳುತ್ತದೆ. "ಅವಗ ಅವತ್ತ ಗಾಳಿ ಇತ್ತು. ನನಗ ಇವತ್ತ ಗಾಳಿ ಐತಿ."

ಹಬ್ಬದ ವಾರದಲ್ಲಿ ಅಪ್ಪನಿಗೆ ರೇಡಿಯೋದ ಹವಾ ವರ್ತಮಾನದ ಮೇಲೆ ಎಲ್ಲಿಲ್ಲದ ಪ್ರೀತಿ ಬರುತ್ತಿತ್ತು. ಉತ್ತರ ಒಳನಾಡಿನಲ್ಲಿ ಅಲ್ಲಲ್ಲಿ ಗಾಳಿ ಮಳೆ ಎಂದು ಕೇಳಿದರೆ, ಆ ಅಲ್ಲಲ್ಲಿ ಅನ್ನುವುದು ನಮ್ಮ ಕೆರೆಯೇ ಎಂದು ಕಟ್ಟೆಗೆ ಹೋಗಿ ಸಾರುತ್ತಿದ್ದ. ಒಣ ಹವೆ ಇರುತ್ತದೆ ಎಂದರೆ, ಎಲ್ಲೋ ಊರಿನ ಕೋಣೆಯೊಳಗೆ ಕುಳಿತವರಿಗೆ ನಮ್ಮ ಕೆರೆಯ ಸುದ್ದಿ ಏನು ಗೊತ್ತು ಎಂದು ಗುಂಡಿ ತಿರುವಿ ಬಂದ್ ಮಾಡುತ್ತಿದ್ದ. ಊರವರಿಗೆಲ್ಲ ಒಳಗಿನ ಸಂಗತಿ ಗೊತ್ತಿತ್ತು. ಆದರೂ ಯಾರೂ ಅಪ್ಪನ ಎದುರಿಗೆ ಗಾಳಿ ಇಲ್ಲ ಎನ್ನಲಿಲ್ಲ. ಇದನ್ನು ಮರ್ಯಾದೆ ಎನ್ನಬೇಕೋ ಏನೆನ್ನಬೇಕೋ ನನಗೆ ತಿಳಿಯದು. ಒಬ್ಬರಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬರಗಾಲ ಬಿದ್ದ ವರ್ಷವೊಂದು ಬಂತು ನೋಡಿ. ಕೆರೆ ಪೂರಾ ಒಣಗಿ ತಳದ ಮಣ್ಣು ಬಿರುಕು ಬಿಟ್ಟಿತ್ತು. ಹರಗೋಲು ಬೋರಲು ಬಿದ್ದಿತ್ತು, ಅದರ ನೆರಳಲ್ಲಿ ನಾಯಿ ಮಲಗುತ್ತಿತ್ತು. ಸಂತೆಯ ಮಂದಿ ಕೆರೆಯಂಗಳದಲ್ಲೇ ನಡೆದು ಬರುತ್ತಿದ್ದರು. ಹುಲ್ಲಿಲ್ಲ, ಮೇವಿಲ್ಲ, ಹಬ್ಬವೆಂದರೆ ಹೆಸರಿಗೆ ಹಬ್ಬ. ಆದರೆ ಬನ್ನಿಗಿಡಕ್ಕೆ ಬರವಿಲ್ಲ, ಅದು ಎಂದಿನಂತೆ ಹಸಿರಾಗಿತ್ತು. ಈ ಸಲ ಅಪ್ಪ ಸಿಕ್ಕಿಬಿದ್ದ ಎಂದು ಕಟ್ಟೆಯ ಮೇಲಿನವರು ಒಳಗೊಳಗೇ ನಗುತ್ತಿದ್ದರು. ಅಪ್ಪ ಎಂದಿನಂತೆ ಧೋತರ ಉಟ್ಟು ಒಡ್ಡಿನ ಮೇಲೆ ಬಂದು ನಿಂತ. ಖಾಲಿ ಕೆರೆಯನ್ನು ಬಹಳ ಹೊತ್ತು ನೋಡಿದ. ಕೊನೆಗೆ, ಕೆರಿಯೊಳಗ ನೀರ ಇಲ್ಲ, ಹರಗೋಲ ಹೆಂಗ ಹೊಕ್ಕೈತಿ ಎಂದು ಹೇಳಿ ತಿರುಗಿದ.

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಲಾಲಸಾಬ ಕಾಕಾ ಕೂಡ ಬಾಯಿಗೆ ಟವೆಲು ಹಿಡಿದುಕೊಂಡ. ಅವ್ವ ಒಬ್ಬಳೇ ನಗಲಿಲ್ಲ. ಆ ಸಂಜೆ ಅವಳು ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಳ್ಳುವುದನ್ನು ನೋಡಿದೆ. ಹೊಗೆ ಎಂದಳು. ಅಪ್ಪ ಕಿಸೆಯಿಂದ ಬನ್ನಿ ತೆಗೆದು ದೇವರ ಗೂಡಿನಲ್ಲಿ ಇಟ್ಟದ್ದನ್ನೂ ನೋಡಿದೆ. ಅಲ್ಲಿ ಹಿಂದಿನ ವರ್ಷಗಳ ಒಣಗಿದ ಕಡ್ಡಿಗಳೂ ಇದ್ದವು. ದೊಡ್ಡಪ್ಪನಿಗೆಂದು ಕಿತ್ತ ಬನ್ನಿಯನ್ನು ಅಪ್ಪ ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಬರ ಹೋಯಿತು, ಕೆರೆ ಮತ್ತೆ ತುಂಬಿತು. ನಾನು ಪರಕಾರ ಬಿಟ್ಟು ಸೀರೆ ಉಡುವ ವಯಸ್ಸಿಗೆ ಬಂದಿದ್ದೆ. ಆ ವರ್ಷ ದಸರೆ ಗುರುವಾರ ಬಿದ್ದಿತ್ತು. ಶುಕ್ರವಾರ ಸಂಜೆ ಲಾಲಸಾಬ ಕಾಕಾ ಆಚೆಯಿಂದ ಬಂದವನು ಹರಗೋಲನ್ನು ನಮ್ಮ ದಂಡೆಗೆ ಕಟ್ಟಿ ನೆಟ್ಟಗೆ ಮನೆಗೆ ಬಂದ. ದೊಡ್ಡಪ್ಪ ಹಾಸಿಗೆ ಹಿಡಿದು ವಾರವಾಯಿತಂತೆ, ಊಟ ಬಿಟ್ಟಿದ್ದಾನಂತೆ, ಮಾತು ಕಡಿಮೆಯಾಗಿದೆಯಂತೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳಿದ. ಕಾಕಾ ಹೋದ ಮೇಲೆ ಒಳಗೆ ಬಂದು ಅವ್ವನಿಗೆ, ನಾಳಿಗಿ ಹೋಳಿಗಿ ಮಾಡು, ಅಣ್ಣಗ ಎಣ್ಣಿ ಹೋಳಿಗಿ ಸೇರತಾವ ಎಂದ. ಅಣ್ಣ ಎಂಬ ಮಾತು ಆ ಮನೆಯಲ್ಲಿ ವರ್ಷಗಳಿಂದ ಕೇಳಿರಲಿಲ್ಲ. ಅವ್ವ ಕಡಲೆಬೇಳೆ ನೆನೆಹಾಕಿದಳು.

ಶನಿವಾರ ಬೆಳಿಗ್ಗೆ ಅಂಗಳದ ಬೇವಿನ ಎಲೆ ಅಲುಗುತ್ತಿರಲಿಲ್ಲ. ಅಪ್ಪ ಹೊಸ ಬನ್ನಿ ಕಿತ್ತು ತಂದ. ಹೋಳಿಗೆಯ ಗಂಟು ನನ್ನ ಕೈಗೆ ಕೊಟ್ಟು, ಶಾಂತವ್ವ ನೀನೂ ನಡಿ, ಹೆಣ್ಣುಮಕ್ಕಳಿದ್ದರ ಮಾತು ಸಲೀಸ ಆಕ್ಕಾವು ಎಂದ. ಒಡ್ಡು ಹತ್ತಿದೆವು. ಮೇಲೆ ಹೆಜ್ಜೆ ಇಟ್ಟ ಕೂಡಲೇ ಅಪ್ಪನ ಪಟಗಾದ ಚುಂಗು ಹಾರಿ ಅವನ ಮುಖಕ್ಕೇ ಬಡಿಯಿತು. ಕೆರೆ ಎಂದೂ ಕಾಣದ ಬಣ್ಣದಲ್ಲಿತ್ತು, ಕೆಂಪು ಮಣ್ಣು ಕಲಸಿದ ನೀರು. ತೆರೆಗಳು ಒಡ್ಡಿನ ಕಲ್ಲಿಗೆ ಬಡಿದು ನಮ್ಮ ಕಾಲ ಮೇಲೆ ಹನಿ ಎರಚುತ್ತಿದ್ದವು. ಚಿತ್ತಿ ಮಳೆಯ ಗಾಳಿ. ಆಚೆ ದಂಡೆಯ ಹಸಿರು ಗೆರೆ ಕಾಣಲೇ ಇಲ್ಲ. ಅಪ್ಪ ಮಣ್ಣು ಎತ್ತಿ ನೋಡಲಿಲ್ಲ. ನೆಟ್ಟಗೆ ಹರಗೋಲಿನ ಹತ್ತಿರ ಹೋಗಿ ಬಿಡು ಎಂದ.

ಲಾಲಸಾಬ ಕಾಕಾ ಎದ್ದು ನಿಂತ. ಇಷ್ಟು ವರ್ಷ ಆಡಿದ ಮಾತನ್ನೇ ಅವನು ಅವತ್ತೂ ಆಡಬೇಕಾಯಿತು. ನೆಲ ನೋಡುತ್ತ ಹೇಳಿದ.

"ಗಾಳಿ ಐತ್ರಿ ಗೌಡ್ರ."

ಯಾರೂ ನಗಲಿಲ್ಲ. ಅವ್ವ ಹಿಂದೆಯೇ ಬಂದಿದ್ದಳು. ಅವಳ ಸೆರಗು ಹಿಡಿಯುವ ಮೊದಲೇ ತಲೆಯಿಂದ ಕಿತ್ತುಕೊಂಡು ಹಾರುತ್ತಿತ್ತು. ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದು ನಿಂತಳು.

ಅಪ್ಪ ಆ ದಿನವೆಲ್ಲ ಒಡ್ಡಿನ ಮೇಲೆ ಇದ್ದ. ಸುತ್ತಿ ಹೋಗೋಣವೆಂದರೆ ಕೋಡಿ ಬಿದ್ದು ಹಳ್ಳ ಎದೆಮಟ್ಟ ಹರಿಯುತ್ತಿದೆ, ಬಸ್ಸು ನಿಂತಿದೆ ಎಂದು ಸುದ್ದಿ ಬಂತು. ನಡುವೆ ಎರಡು ಸಲ ಗಾಳಿ ಸ್ವಲ್ಪ ತಗ್ಗಿದಂತಾಗಿ, ಅಪ್ಪ ತಾನೇ ಹಗ್ಗ ಬಿಚ್ಚಲು ಹೋದ. ಲಾಲಸಾಬ ಕಾಕಾ ಹಗ್ಗದ ಮೇಲೆ ಕಾಲಿಟ್ಟು ನಿಂತ. ಆದಿತವಾರ ಸಂತೆ ಕೂಡಲಿಲ್ಲ. ಆಚೆಯಿಂದ ಬರುವವರೇ ಇಲ್ಲದೆ ಮೆಣಸಿನಕಾಯಿಯ ಸಾಲು ಖಾಲಿ ಇತ್ತು. ನಾನು ಊಟ ಒಯ್ದಾಗ ಅಪ್ಪ ಹರಗೋಲಿಗೆ ಬೆನ್ನು ಕೊಟ್ಟು ಕುಳಿತಿದ್ದ. ಅವನಿಗೆ ಒಂದೇ ದಿನದಲ್ಲಿ ವಯಸ್ಸಾದಂತೆ ಕಂಡಿತು. ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಗಾಳಿಯಿಲ್ಲದ ಅಷ್ಟೊಂದು ಶನಿವಾರಗಳು ಕಣ್ಣ ಮುಂದೆ ಬಂದವು.

ಅಪ್ಪ ಮುಖ ಎತ್ತದೆ ಕೇಳಿದ. "ನಮ್ಮವ್ವ ಹೋದ ದಿನಾನೂ ಹಿಂಗ ಇತ್ತೇನೋ ಲಾಲಸಾಬ?"

"ಇದಕಿಂತ ಜೋರ ಇತ್ರಿ. ಅಣ್ಣಾರ ತಾವ ಹರಗೋಲ ನೀರಿಗಿ ತಳ್ಳಿದ್ರು. ಗಾಳಿ ಹೊಳ್ಳಿ ದಂಡಿಗಿ ತಂದ ಒಗೀತು. ಮತ್ತೊಮ್ಮಿ ತಳ್ಳಿದ್ರು, ಮತ್ತ ಒಗೀತು. ಹೊತ್ತ ಇಳಿಯೂತನಕ ನಾ ಅವರನ್ನ ಹಿಡಕೊಂಡ ಕುಂತಿದ್ದೆ."

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ಕಾಕಾ ಏನು ಹೇಳುತ್ತಿದ್ದನೆಂದು ಅವನಿಗೂ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಅಪ್ಪ ಒಮ್ಮೆಯೂ ಅವನನ್ನು ಕೇಳಿರಲಿಲ್ಲ. ಅಪ್ಪ ಪಟಗಾ ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ನಾನು ಊಟದ ಬುತ್ತಿಯನ್ನು ಬಿಚ್ಚದೆ ಹಾಗೇ ಇಟ್ಟುಕೊಂಡು ಕುಳಿತೆ.

ಸೋಮವಾರ ನಸುಕಿಗೆ ಗಾಳಿ ನಿಂತಿತ್ತು. ಹೇಗೆ ನಿಂತಿತೆಂದರೆ, ಅದು ಎಂದೂ ಬೀಸಿಯೇ ಇರಲಿಲ್ಲವೇನೋ ಎನ್ನುವಂತೆ. ಕೆರೆಯ ಮೇಲೆ ಮಂಜು ಹರವಿಕೊಂಡಿತ್ತು. ಅಪ್ಪ, ನಾನು, ಲಾಲಸಾಬ ಕಾಕಾ ಮೂವರೇ. ಹುಟ್ಟಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಿತ್ತುಬಂದ ಜೊಂಡು, ಮುರಿದ ಜಾಲಿಯ ಟೊಂಗೆಗಳು ನಮ್ಮ ಪಕ್ಕದಲ್ಲಿ ತೇಲುತ್ತಿದ್ದವು. ಅಪ್ಪ ಕಿಸೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದ. ಎರಡು ದಿನದ ಬನ್ನಿ ಬಾಡಿತ್ತು. ಕೆರೆಯ ನಡುವೆ ಬಂದಾಗ ಅವನು ನನಗೆ, ಮೊದಲು ನೀನೇ ಒಳಗೆ ಹೋಗು, ದೊಡ್ಡಪ್ಪಾ ಎಂದು ಕರೆ, ಆಮೇಲೆ ನಾನು ಬರುತ್ತೇನೆ ಎಂದ. ಅಷ್ಟು ದೊಡ್ಡ ಮನುಷ್ಯ ನನ್ನ ಹಿಂದೆ ಅಡಗಿಕೊಳ್ಳಲು ನೋಡುತ್ತಿದ್ದ.

ದಂಡೆ ಹತ್ತಿರ ಬಂದಾಗ ಮಂಜಿನೊಳಗಿಂದ ಭಜನೆಯ ದನಿ ಕೇಳಿತು. ತಾಳದ ಸದ್ದು ದಣಿದಿತ್ತು, ರಾತ್ರಿಯಿಡೀ ಬಡಿದ ಕೈಗಳು. ಲಾಲಸಾಬ ಕಾಕಾ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ. ಬೆಳಗಾಗುವ ಹೊತ್ತಿಗೆ ಭಜನೆ ಯಾವ ಮನೆಯಲ್ಲಿ ನಡೆಯುತ್ತದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅಪ್ಪ ಮೊಣಕಾಲುದ್ದ ನೀರಿಗೇ ಇಳಿದು ನಡೆದ.

ದೊಡ್ಡಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ತಲೆಗೆ ಹೊಸ ಪಟಗಾ. ಆದಿತವಾರ ಬೆಳಿಗ್ಗೆಯೇ ಜೀವ ಹೋಗಿತ್ತು. ಸಂಜೆಯೊಳಗೆ ಮಣ್ಣು ಮಾಡಬೇಕೆಂದು ಊರ ಹಿರಿಯರು ಹೇಳಿದರಂತೆ, ಕುಣಿಯನ್ನೂ ತೋಡಿಸಿದರಂತೆ. ದೊಡ್ಡವ್ವ ಹೆಣದ ಮುಂದೆ ಕುಳಿತು ಯಾರನ್ನೂ ಮುಟ್ಟಗೊಟ್ಟಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳು ಅಳಲಿಲ್ಲ. ಸುಮ್ಮನೆ ಕೇಳಿದಳು.

"ಗಾಳಿ ನಿಂತಿತೇನೋ ತಮ್ಮಾ?"

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ದೊಡ್ಡವ್ವನೇ ಹೇಳಿದಳು. "ತಮ್ಮ ಬರತಾನ, ಗಾಳಿ ನಿಂತ ಮ್ಯಾಲ ಬರತಾನ, ಅಲ್ಲೀತನಕ ನನ್ನ ಎತ್ತಬ್ಯಾಡ್ರಿ ಅಂದಿದ್ರು. ಅವ್ವನ ಮಾರಿ ಅವಗ ಸಿಗಲಿಲ್ಲ, ನನ್ನದರೆ ಸಿಗಲಿ ಅಂದಿದ್ರು."

ಆಮೇಲೆ ತಿಳಿಯಿತು. ದಂಡೆಯಲ್ಲಿ ಹುಣಸೆಮರದ ಕೆಳಗೆ ಒಂದು ಕಲ್ಲಿದೆ. ಪ್ರತಿ ವರ್ಷ ಹಬ್ಬದ ಆ ಶನಿವಾರ, ಆದಿತವಾರ ದೊಡ್ಡಪ್ಪ ಮಡಿ ಧೋತರ ಉಟ್ಟು ಆ ಕಲ್ಲಿನ ಮೇಲೆ ಹೊತ್ತು ಮುಳುಗುವವರೆಗೆ ಕೂರುತ್ತಿದ್ದನಂತೆ. ಹರಗೋಲಿನಿಂದ ಇಳಿದವರು ತಮ್ಮ ಬರಲಿಲ್ಲವೆ ಎಂದು ಕೇಳಿದರೆ, ಅವರ ಧೋತರದ ಅಂಚು ಕೂಡ ಹಸಿಯಾಗಿರದಿದ್ದರೂ, ನಡುಗೆರಿಯೊಳಗ ಗಾಳಿ ಐತಿ, ಪಾಪ ಹೆಂಗ ಬಂದಾನು ಅನ್ನುತ್ತಿದ್ದನಂತೆ. ಬರಗಾಲದ ವರ್ಷವೂ ಹೋಗಿ ಕುಳಿತಿದ್ದನಂತೆ. ಬಟಾಬಯಲು ಕೆರೆ, ಆಚೆಯಿಂದ ನಾಯಿ ನಡೆದು ಬಂದರೂ ಕಾಣುತ್ತಿತ್ತು. ಆ ದಿನವೂ ಯಾರೋ ಕೇಳಿದ್ದಕ್ಕೆ, ಗಾಳಿ ಭಾಳ ಐತಿ, ಧೂಳ ಎದ್ದೈತಿ ಎಂದನಂತೆ.

ಅಪ್ಪ ಕಿಸೆಯಿಂದ ಬನ್ನಿ ತೆಗೆದ. ಹೋದವರಿಗೆ ಬನ್ನಿ ಕೊಡುವುದುಂಟೆ ಎಂದು ಒಬ್ಬ ಹಿರಿಯರು ಮೆಲ್ಲಗೆ ಅಂದರು. ದೊಡ್ಡವ್ವ ಅವರ ಕಡೆ ನೋಡಿದಳು, ಅವರು ಹಿಂದೆ ಸರಿದರು. ಅಪ್ಪ ಅಣ್ಣನ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಡಿದ ಎಲೆಗಳನ್ನು ಇಟ್ಟು, ಮತ್ತೆ ಬೆರಳು ಮಡಿಚಿದ. ಬಂಗಾರದಂಗ ಇರೂಣು ಅನ್ನಬೇಕಿತ್ತು. ಅಣ್ಣನ ಪಾದದ ಮೇಲೆ ತಲೆಯಿಟ್ಟವನು, ಎಬ್ಬಿಸುವವರೆಗೂ ಏಳಲಿಲ್ಲ. ಭಜನೆಯವರು ಆ ಹೊತ್ತಿಗೆ ತಾವಾಗಿ ನಿಲ್ಲಿಸಿದ್ದರು. ನಾನು ಹೋಳಿಗೆಯ ಗಂಟು ಹಿಡಿದು ಕಂಬಕ್ಕೆ ಒರಗಿ ಅಳುತ್ತಿದ್ದೆ.

ಮುಂದಿನ ವರ್ಷ ದಸರೆಯ ಶನಿವಾರ ಅಪ್ಪ ದೊಡ್ಡವ್ವನಿಗೆ ಬನ್ನಿ ಕೊಡಲು ಹೊರಟ. ಅದೇ ಬಿಳಿ ಧೋತರ, ಹಿಂದೆ ಅವ್ವ, ಅವ್ವನ ಹಿಂದೆ ನಾನು. ಒಡ್ಡಿನ ಮೇಲೆ ಬಂದಾಗ ಕೆರೆ ಸ್ವಲ್ಪ ಎದ್ದಿತ್ತು. ಅಂಥ ಗಾಳಿಯೇನಲ್ಲ, ಆದರೂ ಹರಗೋಲು ಬಿಡುವಂತಿರಲಿಲ್ಲ. ಲಾಲಸಾಬ ಕಾಕಾ ಬಾಯಿ ತೆರೆಯಲು ಅಂಜಿ ಸುಮ್ಮನೆ ನಿಂತಿದ್ದ. ಅವ್ವ ಸೆರಗಿನ ತುದಿ ಹಿಡಿದು ಚಾಚಿದಳು. ಅದು ಹಾರಿತು. ಅಪ್ಪ ಅದನ್ನು ನೋಡಿದ, ಮುಖ ತಿರುಗಿಸಲಿಲ್ಲ. ಒಡ್ಡಿನ ಕಲ್ಲೊಂದರ ಮೇಲೆ ಧೋತರ ಮುದುರಿಕೊಂಡು ಕುಳಿತ.

ಮನೆಗೆ ಹೋಗಿ ಆಮೇಲೆ ಬರೋಣವೆ ಎಂದು ಅವ್ವ ಕೇಳಿದಳು.

"ಬ್ಯಾಡ. ನಿಂತ ಮ್ಯಾಲ ಹೋಗೂಣು," ಎಂದ ಅಪ್ಪ.

ಅವನ ಪಕ್ಕದಲ್ಲಿ ನಾವೂ ಕುಳಿತೆವು. ಮಧ್ಯಾಹ್ನವಾಯಿತು, ಬಿಸಿಲು ಇಳಿಯತೊಡಗಿತು. ಆಚೆ ದಂಡೆಯ ಹುಣಸೆಮರದ ಕೆಳಗೆ ಯಾರೋ ಕುಳಿತಂತೆ ನನಗೆ ಕಂಡಿತು. ಅಷ್ಟು ದೂರದಿಂದ ಮನುಷ್ಯರು ಕಾಣುವುದಿಲ್ಲ, ಆದರೂ ಕಂಡಂತಾಯಿತು. ಅಪ್ಪನಿಗೆ ಹೇಳಿದೆ. ಅವನು ಹಣೆಗೆ ಕೈಯಡ್ಡ ಹಿಡಿದು ನೋಡಲಿಲ್ಲ.

"ಕುಂತಿರ್ತಾಳ," ಎಂದು ಹೇಳಿ, ಕಿಸೆಯಿಂದ ಬನ್ನಿಯನ್ನು ತೆಗೆದು ಬಾಡದಿರಲೆಂದು ಕೆರೆಯ ನೀರಲ್ಲಿ ಅದ್ದಿಕೊಂಡ.